ಮೆಟ್ಟಿಲು ಹತ್ತುವವನ ಗದ್ಯಭಾಗಕ್ಕೆ ನಾನು ಕೊಟ್ಟ ಉತ್ತರ

ಮೇಷ್ಟ್ರ ಸಂತಾಪ ಸಭೆಗೆ ಬಂದಿರುವ ಹಿರಿಯರಿಗೆ, ನಮ್ಮ ಪರೀಕ್ಷಾ ಕಚೇರಿಯ ಗೆಳೆಯರಿಗೆ, ಮುಂದಿನ ಸಾಲಿನಲ್ಲಿ ಕುಳಿತಿರುವ ಅವರ ಮನೆಯವರಿಗೆ, ಅಂದರೆ ನಮ್ಮ ಅತ್ತಿಗೆಗೆ, ಅವರ ಮಗಳಿಗೆ — ನಮಸ್ಕಾರ. ಕಾಗದದಲ್ಲಿ ಬರೆದುಕೊಂಡು ಬಂದಿದ್ದೇನೆ. ಎಂಥ ಸಭೆಯಲ್ಲೂ ಕಾಗದವಿಲ್ಲದೆ ಮಾತಾಡುವ ಗಂಡು ನಾನು, ನಿಮಗೇ ಗೊತ್ತು. ಇವತ್ತು ನಾಲಿಗೆಯನ್ನು ನಂಬುವ ಹಾಗಿಲ್ಲ.

ಶನಿವಾರ ಬೆಳಿಗ್ಗೆ ಒಂಬತ್ತೂಕಾಲು. ಮೂರನೇ ಮಹಡಿಯಲ್ಲಿ ಬೀಗ ತೆಗೆಯುತ್ತಿದ್ದೆ. ಮೆಟ್ಟಿಲ ಕೆಳಗಿನ ತಿರುವಿನಲ್ಲಿ ಏನೋ ಬಿದ್ದ ಸದ್ದು. ಬಗ್ಗಿ ನೋಡಿದರೆ — ನಮ್ಮ ಗದ್ಯದ ಮೇಷ್ಟ್ರು. ಕೈಯಲ್ಲಿ ಫೈಲು ಹಾಗೇ ಇತ್ತು. ಐವತ್ತಾರು ವರ್ಷದ ಮನುಷ್ಯ. ಹಿಂದಿನ ಸಂಜೆ ನನ್ನ ಪೆನ್ನು ಹಾರಿಸಿಕೊಂಡು ಹೋಗಿದ್ದವರು. ಪೆನ್ನು ಜೇಬಿನಲ್ಲೇ ಇತ್ತು. ಆಸ್ಪತ್ರೆಯವರು ಹೃದಯ ಅಂದರು. ನನಗೆ ಇನ್ನೂ ತಲೆಗೆ ಹೋಗಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪರೀಕ್ಷೆಯಲ್ಲಿ ಮಕ್ಕಳಿಗೆ ಒಂದು ಗದ್ಯಭಾಗ ಕೊಟ್ಟು, ಲೇಖಕರ ಮಾತಿನ ಧಾಟಿ ಯಾವುದು ಅಂತ ಕೇಳಿ ನಾಲ್ಕು ಉತ್ತರ ಇಡುತ್ತಾರಲ್ಲ — ಅದನ್ನು ತಯಾರಿಸುವುದು ಮೇಷ್ಟ್ರ ಕೆಲಸ. ನಾನು ಜೆರಾಕ್ಸ್ ಮಷೀನಿನವನು. ಊರ ಶಾಲೆಯಲ್ಲಿ ಏಳನೇ ಕ್ಲಾಸು. ಆದರೂ ನನ್ನಿಂದ ಉತ್ತರ ಹೇಳಿಸದೆ ಅವರು ಒಂದು ಪ್ರಶ್ನೆಯನ್ನೂ ಹೊರಗೆ ಕಳಿಸಿದವರಲ್ಲ. ನಾನು ತಪ್ಪಿದರೆ ಪ್ರಶ್ನೆಯೇ ಸರಿಯಿಲ್ಲ ಅಂತ ಹಾಳೆ ಹರಿದುಹಾಕುತ್ತಿದ್ದರು. ಹಾಗಾಗಿ ಹತ್ತೊಂಬತ್ತು ವರ್ಷದಲ್ಲಿ ನಾನು ಒಂದು ಸಲವೂ ಫೇಲಾಗಿಲ್ಲ. ನಗಿ, ಪರವಾಗಿಲ್ಲ. ಅವರೂ ನಗುತ್ತಿದ್ದರು.

"ಏನ್ ಹೇಳಿದಾನೆ ಅಂತಷ್ಟೇ ನೋಡ್ಬೇಡ ಮಾರಾಯ. ಯಾವ ಮುಖ ಇಟ್ಕೊಂಡು ಹೇಳಿದಾನೆ, ಎಲ್ಲಿ ನಿಂತ್ಕೊಂಡು ಹೇಳಿದಾನೆ — ಅದನ್ನ ನೋಡು," ಅನ್ನುತ್ತಿದ್ದರು ಮೇಷ್ಟ್ರು.

"ಮುಖ ನೋಡೋಕೆ ಒಂದು ಫೋಟೋ ಹಾಕ್ಬಿಡಿ ಸಾರ್," ಅನ್ನುತ್ತಿದ್ದೆ.

ಗುರುವಾರ ಹೊಸ ಗದ್ಯಭಾಗ ತಂದರು. ಒಬ್ಬ ಕಚೇರಿಯ ಮೆಟ್ಟಿಲು ಹತ್ತುತ್ತಾನೆ. ಪ್ರತಿ ಮಹಡಿಯಲ್ಲೂ ನಿಂತು, ಕಿಟಕಿಯಾಚೆ ಎಷ್ಟು ಚೆನ್ನಾಗಿದೆ ಅನ್ನುತ್ತಾನೆ. ರಜೆಯಲ್ಲಿ ಯಾರೋ ಬಂದು ಮೆಟ್ಟಿಲುಗಳನ್ನು ಎತ್ತರ ಮಾಡಿ ಹೋಗಿದ್ದಾರೆ, ದೂರು ಕೊಡಬೇಕು ಅನ್ನುತ್ತಾನೆ. ಧಾಟಿ ಯಾವುದು? ಹೆಮ್ಮೆ, ಹಾಸ್ಯ, ಭಯ, ಬೇಸರ.

"ಹಾಸ್ಯ," ಅಂದೆ. ಪೂರ್ತಿ ಓದುವ ಮೊದಲೇ ಅಂದೆ.

"ಇನ್ನೊಂದ್ ಸಲ ಓದು."

"ಮೆಟ್ಟಿಲು ಬೆಳೆಯುತ್ತಾ ಸಾರ್? ಕಣ್ಮುಚ್ಕೊಂಡು ಗುರುತು ಹಾಕ್ತೀನಿ."

ಅವರು ನನ್ನನ್ನೇ ನೋಡಿದರು. "ಸರಿ ಬಿಡು," ಅಂದರು. ಹಾಳೆ ಹರಿಯಲಿಲ್ಲ. ಹರಿಯಲಿಲ್ಲ ಅಂದರೆ ನನ್ನ ಉತ್ತರ ಸರಿ — ಹಾಗಂತ ಆ ದಿನವಿಡೀ ಮೆರೆದೆ.

ಸರಿಯುತ್ತರದ ಚೀಟಿಯನ್ನು ಅವರು ಬೇರೆ ಲಕೋಟೆಯಲ್ಲಿ ಅಂಟಿಸಿ ಇಡುತ್ತಿದ್ದರು. ನಿನ್ನೆ ಅವರ ಮಗಳು ಮೇಜು ಖಾಲಿ ಮಾಡಲು ಬಂದಾಗ ಅಧಿಕಾರಿಗಳು ಅದನ್ನು ಒಡೆದರು. "ಭಯ" ಅಂತಿತ್ತು. ಗದ್ಯಭಾಗವನ್ನು ಯಾವ ಪುಸ್ತಕದಿಂದ ತೆಗೆದದ್ದು ಅನ್ನುವ ಜಾಗದಲ್ಲಿ — "ಸ್ವಂತ".

ಮಗಳು ನನ್ನ ಕಡೆ ತಿರುಗಿ ಕೇಳಿದಳು. "ಮಾಮ, ಮೈಗೆ ಹುಷಾರಿಲ್ಲ ಅಂತ ಅಪ್ಪ ಮನೇಲಿ ಒಂದ್ ಮಾತೂ ಆಡ್ಲಿಲ್ಲ. ನಿಮಗಾದ್ರೂ ಹೇಳಿದ್ರಾ?"

"ಇಲ್ಲಮ್ಮ," ಅಂದೆ.

ಸುಳ್ಳು. ಅದಕ್ಕೇ ಇವತ್ತು ಈ ಕಾಗದ. ಹೇಳಿದ್ದರು ಮಗಳೇ, ಆ ಗದ್ಯಭಾಗದಲ್ಲೇ. ಇನ್ನೊಂದು ಸಲ ಓದು ಅಂತಲೂ ಹೇಳಿದ್ದರು. ಅವರು ಮೆಟ್ಟಿಲ ಮೇಲೆ ನಿಂತು ಹೇಳಿದರು, ನಾನು ಕುರ್ಚಿಯಲ್ಲಿ ಕುಳಿತು ಕೇಳಿದೆ. ನಿನಗೆ ಗೊತ್ತಾಗಲಿಲ್ಲ ಅಂತ ಮೊನ್ನೆಯಿಂದ ನಿನ್ನನ್ನೇ ಬೈದುಕೊಳ್ಳುತ್ತಿದ್ದೀಯಂತೆ, ಅತ್ತಿಗೆ ಹೇಳಿದರು. ಬಿಟ್ಟುಬಿಡು. ಪ್ರಶ್ನೆ ಬಂದದ್ದು ನಿನಗಲ್ಲ, ನನಗೆ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಎರಡು ನಿಮಿಷ, ಮಾತಿಲ್ಲದೆ —

ಬೇಡ ಮಗಳೇ, ನೀನು ಏಳಬೇಡ. ಅಮ್ಮನ ಪಕ್ಕದಲ್ಲೇ ಕೂತಿರು. ನಾವು ನಿಂತಿರುತ್ತೇವೆ.