ಹಿತ್ತಲ ಬಾಗಿಲ ತಾಟು

ಊರು ಯಾವುದು ಅಂತ ಕೇಳಬೇಡಿ, ಹೇಳುವುದಿಲ್ಲ. ಆ ಊರಿನಲ್ಲಿ ಒಬ್ಬ ಸಾಹುಕಾರನಿದ್ದ. ನಮ್ಮಂಥದೇ ಒಂದು ಕ್ರೈಸ್ತ ಸಭೆಯ ಹಿರಿಯ, ಕೀರ್ತನೆಯ ಪುಸ್ತಕ ಬಿಚ್ಚದೆ ಹಾಡುವವನು, ಪ್ರಾರ್ಥನೆಗೆ ಎದ್ದು ನಿಂತರೆ ಬೇಗ ಕೂರುವವನಲ್ಲ. ಅವನ ಹೆಸರನ್ನೂ ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ನಾಲ್ಕು ಮಂದಿ, ಅಯ್ಯನವರು ನಮಗೇ ಅಂದರು ಅಂತ ಎದ್ದು ಹೋಗುತ್ತೀರಿ. ಅವನ ಮನೆಯಲ್ಲಿ ಅಡಿಗೆ ಮಾಡುತ್ತಿದ್ದವಳ ಹೆಸರು ಮಾತ್ರ ಹೇಳುತ್ತೇನೆ. ಎಸ್ತೇರವ್ವ. ಆ ಮನೆಯಲ್ಲಿ ಅವಳನ್ನು ‘ಏ ಅಡಿಗಿಯಾಕಿ’ ಅನ್ನುತ್ತಿದ್ದರು. ಹೆಸರು ಹಿಡಿದು ಯಾರೂ ಕರೆಯಲಿಲ್ಲ, ಅದಕ್ಕೇ ನಾನು ಈ ಪ್ರಸಂಗಪೀಠದಲ್ಲಿ ನಿಂತು ಕರೆಯುತ್ತಿದ್ದೇನೆ.

ಎಸ್ತೇರವ್ವ ಅದೇ ಸಭೆಯವಳು. ಹಿಂದಿನ ಬೆಂಚು. ಯಾಕೆ ಹಿಂದಿನ ಬೆಂಚು ಅಂತ ಬಿಡಿಸಿ ಹೇಳಬೇಕೇ? ಅವಳು ಯಾವ ಓಣಿಯವಳು ಅಂತ ನಿಮಗೆ ಆಗಲೇ ತಿಳಿದಿದೆ. ದೇವರ ವಾಕ್ಯ ತಿಳಿಯಲು ನಮಗೆ ನಲವತ್ತು ವರ್ಷ ಬೇಕು, ಓಣಿ ತಿಳಿಯಲು ಅರ್ಧ ಗಳಿಗೆ ಸಾಕು. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ಬಂದು ಸಾಹುಕಾರನ ಹಿತ್ತಲ ಕೋಣೆಯಲ್ಲಿದ್ದಳು. ಹನ್ನೊಂದು ವರ್ಷ ಆ ಮನೆಯ ಒಲೆ ಅವಳದೇ. ತಾಟು ಮಾತ್ರ ಬೇರೆ. ಹಿತ್ತಲ ಬಾಗಿಲ ಪಕ್ಕದ ಗೂಡಿನಲ್ಲಿ ನೀಲಿ ಅಂಚಿನ ಒಂದು ಅಗಲ ಎನಾಮಲ್ ತಾಟು. ಅದರಲ್ಲೇ ಉಣ್ಣಬೇಕು, ಹೊರಗಿನ ಕಲ್ಲಿನ ಮೇಲೆ ತೊಳೆಯಬೇಕು, ಮತ್ತೆ ಗೂಡಿಗೇ ಇಡಬೇಕು. ಒಳಗಿನ ತಾಟುಗಳ ಜೊತೆ ಅದು ಸೇರುವ ಹಾಗಿಲ್ಲ.

ಒಂದು ಸುಗ್ಗಿಯ ಆರಾಧನೆಗೆ ಸ್ವಿಟ್ಜರ್ಲೆಂಡಿನಿಂದ ಒಬ್ಬ ಮುದುಕಿ ಬಂದರು. ಅವರ ತಂದೆ ಹಿಂದೆ ಈ ಕಡೆ ಮಿಶನ್ ವೈದ್ಯರು. ಚಿಕ್ಕಂದಿನಲ್ಲಿ ಇಲ್ಲೇ ಆಡಿ ಬೆಳೆದವರು, ಹರಕು ಮುರುಕು ಕನ್ನಡ ಬಾಯಲ್ಲಿ ಉಳಿದಿತ್ತು. ಸಾಹುಕಾರ ಮುಂದೆ ಬಿದ್ದು ಹೇಳಿದ:

“ಐತವಾರ ಊಟ ನಮ್ಮ ಮನ್ಯಾಗ್ರಿ. ನಿಮ್ಮ ದೇಶದ ರೋಸ್ಟಿನ ಮಾಡಸ್ತೀನಿ. ನಮ್ಮ ಮನಿತನದಾಗ ಮೊದಲಿಂದ ಬಂದದ್ದದು. ನಮ್ಮ ಮನಿಯಾಕಿ ಕೈಯಾಗಿಂದ ಉಂಡ್ರ ನಿಮಗ ನಿಮ್ಮ ಊರ ನೆನಪಾಗ್ತೈತಿ.”

ಶುದ್ಧ ಸುಳ್ಳು. ಮನೆಯಾಕೆ ಸೌಟು ಹಿಡಿದವಳಲ್ಲ. ರೋಸ್ಟಿ, ಅಂದರೆ ಆಲೂಗಡ್ಡೆ ತುರಿಯ ದಪ್ಪ ರೊಟ್ಟಿ, ಮಾಡಲು ಬರುತ್ತಿದ್ದದ್ದು ಎಸ್ತೇರವ್ವನಿಗೆ. ಆಕೆಯ ಅಜ್ಜಿ ಮಿಶನ್ ಬಂಗಲೆಯ ಅಡಿಗೆಮನೆಯಲ್ಲಿ ದುಡಿದು ಕಲಿತದ್ದು, ಅಜ್ಜಿ ಮೊಮ್ಮಗಳಿಗೆ ಕಲಿಸಿದ್ದು. “ಆಲೂಗಡ್ಡಿ ನಿನ್ನಿ ಕುದಿಸಿದ್ದು ಇವತ್ತ ತುರೀಬೇಕವ್ವಾ. ಬಿಸಿ ಇದ್ದಾಗ ತುರದ್ರ ಮುದ್ದಿ ಆಕ್ಕೈತಿ. ಹಂಚಿನ ಮ್ಯಾಲ ಹಾಕಿದ ಮ್ಯಾಲ ಕಲಕಬ್ಯಾಡ, ಕೆದಕಬ್ಯಾಡ. ತಿರುವಿ ಹಾಕೂದು ಒಂದ ಸಲ.” ಇಷ್ಟೇ ಪಾಠ. ಆ ಬಂಗಲೆಯಿಂದ ಅವಳಿಗೆ ಬಂದ ಆಸ್ತಿಯೂ ಇಷ್ಟೇ. ಅದನ್ನೂ ಸಾಹುಕಾರ ತನ್ನ ಹೆಸರಿಗೆ ಬರೆದುಕೊಂಡ.

ಶನಿವಾರ ಸಂಜೆ ಎಸ್ತೇರವ್ವ ಸಿಪ್ಪೆ ಸಮೇತ ಆಲೂಗಡ್ಡೆ ಬೇಯಿಸಿಟ್ಟಳು. ಭಾನುವಾರ ಆರಾಧನೆಗೆ ಹೋದಳು. ಅವತ್ತು ಕರ್ತನ ಭೋಜನವಿತ್ತು, ಸಭೆಗೆಲ್ಲ ಒಂದೇ ರೊಟ್ಟಿ, ದ್ರಾಕ್ಷಾರಸದ ಒಂದೇ ಪಾತ್ರೆ. ಸಾಹುಕಾರ ಎಂದಿನ ಹಾಗೆ ಎಲ್ಲರಿಗಿಂತ ಮೊದಲು ಹೋಗಿ ಮೊಣಕಾಲೂರಿ ಪಾತ್ರೆಯಿಂದ ಕುಡಿದ. ಎಂಥಾ ಭಕ್ತಿ ಅಂದುಕೊಂಡರು ಜನ. ತಾಳಿ, ಆ ಭಕ್ತಿಗೆ ಆಮೇಲೆ ಬರುತ್ತೇನೆ. ಎಸ್ತೇರವ್ವ ಕೊನೆಯ ಸಾಲಿನಲ್ಲಿ ಅದೇ ಪಾತ್ರೆಯಿಂದ ಕುಡಿದು ಒಲೆಯ ಹತ್ತಿರ ಓಡಿದಳು.

“ಅವ್ರು ಹೋಗೂತನ ಈ ಕಡೆ ಹಣಿಕಿ ಹಾಕಬ್ಯಾಡ,” ಅಂದಳು ಮನೆಯಾಕೆ. “ಅಡಿಗಿ ನಾನ ಮಾಡೇನಿ ಅಂತ ಹೇಳಿಬಿಟ್ಟೇವಿ.”

“ಆತ್ರಿ ಬಾಯಾರ.”

ಸಿಪ್ಪೆ ಸುಲಿದು, ದಪ್ಪ ಕಣ್ಣಿನ ತುರಿಮಣೆಯಲ್ಲಿ ತುರಿದು, ಉಪ್ಪು ಹಾಕಿದಳು. ಅಂಚಿರುವ ಕಬ್ಬಿಣದ ಹಂಚಿನಲ್ಲಿ ಬೆಣ್ಣೆ ಕರಗಿಸಿ, ತುರಿಯನ್ನು ಹರಡಿ, ಅಂಗೈ ಅಗಲದ ಮರದ ಹುಟ್ಟಿನಿಂದ ಒತ್ತಿ, ಉರಿ ಸಣ್ಣ ಮಾಡಿ ಕಾದಳು. ಅಂಚು ಕೆಂಪಾಯಿತು, ಬೆಣ್ಣೆಯ ವಾಸನೆ ಎದ್ದಿತು. ಇನ್ನು ಅಗಲವಾದ ತಾಟು ಮುಚ್ಚಿ, ಹಂಚನ್ನೇ ಬುಡಮೇಲು ಮಾಡಿ, ಮತ್ತೆ ಹಂಚಿಗೆ ಜಾರಿಸಬೇಕು. ತಾಟಿಗೆ ಕೈ ಚಾಚಿದರೆ ತಾಟೇ ಇಲ್ಲ. ಚೀನಿ ತಾಟುಗಳೆಲ್ಲ ಊಟದ ಕೋಣೆಯ ಮೇಜಿನ ಮೇಲೆ. ಸ್ಟೀಲಿನವು ಹಂಚಿಗಿಂತ ಸಣ್ಣವು. ಕೂಗುವ ಹಾಗಿಲ್ಲ, ಕೂಗಿದರೆ ಒಳಗೆ ಬೇಯಿಸುತ್ತಿರುವವಳು ಯಾರು ಅಂತ ಗೊತ್ತಾಗುತ್ತದೆ.

ಉಳಿದದ್ದು ಗೂಡಿನ ತಾಟು.

ನೋಡಿ, ಈಗ ಅವಳ ಜಾಗದಲ್ಲಿ ನಿಲ್ಲಿ ಒಂದು ನಿಮಿಷ. ರೋಸ್ಟಿ ಸೀದರೆ ಮನೆ ಬಿಡಿಸುತ್ತಾರೆ. ತನ್ನ ತಾಟು ಒಳಗೆ ತಂದದ್ದು ಕಂಡರೂ ಮನೆ ಬಿಡಿಸುತ್ತಾರೆ. ಮಗಳ ಶಾಲೆ, ತಲೆಯ ಮೇಲಿನ ಸೂರು, ಎರಡು ಹೊತ್ತಿನ ಗಂಜಿ, ಎಲ್ಲ ಆ ಒಂದು ಹಂಚಿನ ಮೇಲೆ. ತಾಟು ತೊಳೆದದ್ದೇ, ಒಳಗಿನ ತಾಟಿಗಿಂತ ಎರಡು ಸಲ ಹೆಚ್ಚೇ ತೊಳೆದದ್ದು. ಆದರೂ ಅವಳು ಕಳ್ಳರ ಹಾಗೆ ಒಳಬಾಗಿಲ ಕಡೆ ತಿರುಗಿ ನೋಡಿದಳು. ಹಾಗೆ ನೋಡುವಂತೆ ಮಾಡಿದವರು ಯಾರು? ನಾವು.

ಅವಳು ತಾಟು ತಂದಳು. ಮುಚ್ಚಿದಳು, ತಿರುವಿದಳು, ಜಾರಿಸಿದಳು. ರೋಸ್ಟಿ ಒಂದು ಎಳೆಯೂ ಬಿಡದೆ ಹೊಂಬಣ್ಣಕ್ಕೆ ಬಂದಿತ್ತು.

ಮನೆಯಾಕೆ ಸೆರಗು ಸಿಕ್ಕಿಸಿಕೊಂಡು, ಹಣೆಯಲ್ಲಿ ಇಲ್ಲದ ಬೆವರು ಒರೆಸಿಕೊಂಡು, ಅದನ್ನು ಚೀನಿ ತಾಟಿಗೆ ಹಾಕಿಕೊಂಡು ಹೋದಳು. ಮುದುಕಿ ಒಂದು ತುತ್ತು ಬಾಯಿಗಿಟ್ಟು ಕಣ್ಣು ಒರೆಸಿಕೊಂಡರು. ಸಾಹುಕಾರ ಒಂದಲ್ಲ, ಎರಡಲ್ಲ, ಮೂರು ತುಂಡು ತಿಂದ. ಬೆರಳು ನೆಕ್ಕಿಕೊಂಡ.

ಊಟ ಮುಗಿದ ಮೇಲೆ ಮುದುಕಿ ಸುಮ್ಮನೆ ಕೂರಲಿಲ್ಲ. ಒಲೆ ನೋಡಬೇಕು ಅಂತ ಎದ್ದು ಸೀದಾ ಅಡಿಗೆಮನೆಗೆ ಹೋದರು. ಹೆಜ್ಜೆ ಸಪ್ಪಳ ಕೇಳಿ ಎಸ್ತೇರವ್ವ ಹಿತ್ತಲಿಗೆ ಸರಿದಳು, ಅವಳು ತೊಳೆಯಲೆಂದು ಇಟ್ಟಿದ್ದ ಎನಾಮಲ್ ತಾಟು ಮುದುಕಿಯ ಕಣ್ಣಿಗೆ ಬಿತ್ತು. ಅದರ ಮೇಲೆ ಬೆಣ್ಣೆಯ ದುಂಡು ಗುರುತು, ಅಂಟಿದ ನಾಲ್ಕು ಎಳೆ. ಅವರು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಊಟದ ಮೇಜಿನ ನಟ್ಟನಡುವೆ ಇಟ್ಟರು.

“ಇದ ತಾಟನ್ಯಾಗ ತಿರುವಿ ಹಾಕಿದ್ರಿ, ಹೌದಲ್ಲ? ನಮ್ಮ ಅಜ್ಜಿ ಹತ್ರನೂ ಹಿಂತಾದ ಇತ್ತು.”

ಸಾಹುಕಾರನಿಗೆ ತಾಟಿನ ಗುರುತು ಸಿಕ್ಕಿತು. ಮುಖ ಹುಳ್ಳಗಾಯಿತು. ಎದ್ದ, ಹಿತ್ತಲಿಗೆ ಹೋದ, ಗಂಟಲಿಗೆ ಎರಡು ಬೆರಳು ಹಾಕಿ ತಿಂದದ್ದನ್ನೆಲ್ಲ ಹೊರಗೆ ತೆಗೆದ. ಎಸ್ತೇರವ್ವನ ಕಣ್ಣ ಮುಂದೆ, ಅವಳು ದಿನಾ ತಾಟು ತೊಳೆಯುವ ಕಲ್ಲಿನ ಮೇಲೆ. ಊಟದ ಕೋಣೆಯಲ್ಲಿ ಮನೆಯಾಕೆ ಅತಿಥಿಗೆ ಹೇಳುತ್ತಿದ್ದಳು, “ಅವ್ರಿಗೆ ಪಿತ್ತದ ತ್ರಾಸ ಐತ್ರಿ.”

ಬಾಯಿ ಒರೆಸಿಕೊಂಡು ಸಾಹುಕಾರ ಅಂದ, “ಉಂಡ ಮನಿಗೆ ಎರಡ ಬಗದೆಲ್ಲ. ಹೊತ್ತ ಮುಳುಗೂದ್ರಾಗ ಕೋಣಿ ಖಾಲಿ ಮಾಡು.”

ಉಂಡವರು ಯಾರು, ಪ್ರಿಯರೇ? ಮೂರು ತುಂಡು ಉಂಡವನು ಅವನು. ಎಸ್ತೇರವ್ವ ಇನ್ನೂ ಉಂಡಿರಲಿಲ್ಲ.

ಅವಳು ಅಳಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ತಲೆ ಎತ್ತಿ ಕೇಳಿದಳು, “ಸಾವ್ಕಾರ್ರ, ಆಲೂಗಡ್ಡಿ ತುರದದ್ದು ಈ ಕೈಲೆ. ಉಪ್ಪು ಹಚ್ಚಿದ್ದು ಈ ಕೈಲೆ. ನನ್ನ ಕೈ ನಡೀತೈತಿ, ನನ್ನ ತಾಟ ನಡ್ಯಾಂಗಿಲ್ಲ?” ಊಟದ ಕೋಣೆಗೆ ಹೋಗಿ ತನ್ನ ತಾಟು ತೆಗೆದುಕೊಂಡಳು. ಸಂಜೆಯೊಳಗೆ ಮಗಳ ಕೈ ಹಿಡಿದು ಆ ಮನೆಯ ಮುಂಬಾಗಿಲಿನಿಂದಲೇ ಹೊರಗೆ ಹೋದಳು. ಆ ತಾಯಿ ಮಗಳನ್ನು ಕರೆದು ಒಂದು ರಾತ್ರಿಗಾದರೂ ಜಾಗ ಕೊಟ್ಟವರು ಆ ಸಭೆಯಲ್ಲಿ ಒಬ್ಬರೂ ಇರಲಿಲ್ಲ. ಒಬ್ಬರೂ.

ಈಗ ಆ ಭಕ್ತಿಯ ಮಾತು. ಸಾಹುಕಾರ ಯಾಕೆ ಪ್ರತಿ ಸಲ ಎಲ್ಲರಿಗಿಂತ ಮೊದಲು ಮೊಣಕಾಲೂರುತ್ತಿದ್ದ? ಹಿಂದಿನ ಬೆಂಚಿನವರ ತುಟಿ ತಾಗುವ ಮೊದಲು ಕುಡಿದು ಎದ್ದುಬಿಡಬೇಕು, ಅದಕ್ಕೆ. ಅವನು ಕರ್ತನ ಮೇಜಿಗೂ ತನ್ನ ಬೇರೆ ತಾಟು ತಂದಿದ್ದ, ಕಣ್ಣಿಗೆ ಕಾಣುತ್ತಿರಲಿಲ್ಲ ಅಷ್ಟೇ. ಹೇಳುವುದು ವೇದಾಂತ, ತಿನ್ನುವುದು ಬದನೆಕಾಯಿ.

ತಲೆ ತಗ್ಗಿಸಬೇಡಿ, ನನ್ನ ಕಡೆ ನೋಡಿ. ನಾನು ನಿಮ್ಮ ಮನೆಗಳಿಗೆ ಪ್ರಾರ್ಥನೆಗೆ ಬಂದವನು. ಚಹಾ ಕುಡಿಯುತ್ತ ನಿಮ್ಮ ಹಿತ್ತಲನ್ನೂ ನೋಡಿದ್ದೇನೆ. ಗೂಡಿನಲ್ಲಿ ಬೋರಲು ಹಾಕಿದ ಲೋಟ, ಕಿಟಕಿಯ ಹೊರಗೆ ಸಿಕ್ಕಿಸಿದ ತಾಟು. ನೋಡಿಯೂ ಬಾಯಿ ಮುಚ್ಚಿಕೊಂಡು ಬಂದೆ. ನನಗೆ ನಿಮ್ಮ ಮೇಲೆ ಎಷ್ಟು ಸಿಟ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ.

ಇವತ್ತು ಮಧ್ಯಾಹ್ನ ಮನೆಗೆ ಹೋಗಿ ಆ ತಾಟನ್ನು ಒಳಗೆ ತನ್ನಿ. ನಿಮ್ಮ ತಾಟುಗಳ ಜೊತೆ ತೊಳೆಯಿರಿ, ನಿಮ್ಮ ಕೈಯಿಂದ. ನಿಮಗೆ ಬೇಯಿಸಿ ಹಾಕಿದವಳನ್ನು ಹೆಸರು ಹಿಡಿದು ಕರೆದು ನಿಮ್ಮ ಮೇಜಿಗೆ ಕೂರಿಸಿ, ಆಕೆಗೆ ಬಡಿಸಿ, ಆಮೇಲೆ ನೀವು ಉಣ್ಣಿ. ನಾಳೆಯೂ ಹಾಗೇ ಮಾಡಿ. ಆಗುವುದಿಲ್ಲ ಅನ್ನುವವರು ಮುಂದಿನ ಸಲ ನನ್ನನ್ನು ಪ್ರಾರ್ಥನೆಗೆ ಕರೆಯಬೇಡಿ.

ಇಗೋ, ಕರ್ತನ ಮೇಜು ಸಿದ್ಧವಾಗಿದೆ, ಪಾತ್ರೆ ತುಂಬಿದೆ. ಮುಂದಿನ ಬೆಂಚಿನವರೇ, ಏಳಬೇಡಿ, ಕೂತಿರಿ. ಹಿರಿಯರೂ ಕೂತಿರಿ. ಇವತ್ತು ನಿಮ್ಮ ಸರದಿ ಕೊನೆಗೆ, ನಿಮ್ಮ ನಂತರ ನನ್ನದು.

ಹಿಂದಿನ ಬೆಂಚಿನವರು ಬನ್ನಿ.