ಅಂಕಿ ಅದೇ, ಜಾಗ ಬೇರೆ

ಮಾಂಟೆನೆಗ್ರೋದ ಆ ಬೆಟ್ಟದ ಮೇಲೆ ಸಂಜೆಯಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ದಾರಿ ತಪ್ಪಿದವರನ್ನು ಹುಡುಕಿ ತರುವ ದಳದವರು ತಂಗುಮನೆಯ ಒಲೆಯ ಸುತ್ತ ಕಾಲುಚೀಲ ಒಣಗಿಸುತ್ತ ಕೂತಿದ್ದರು. ದಳಕ್ಕೆ ಹೊಸದಾಗಿ ಸೇರಿದ ಯೆಲಿತ್ಸಾ ತನ್ನ ಜಿಪಿಎಸ್ ಯಂತ್ರವನ್ನು ಎಲ್ಲರಿಗೂ ತೋರಿಸುತ್ತ, “ಇದೊಂದಿದ್ರೆ ಕಣ್ಣು ಮುಚ್ಕೊಂಡು ಹುಡುಕಬಹುದು” ಎಂದಳು. ಅಡುಗೆಯ ಸ್ತಾಮೆನಾ ಅಜ್ಜಿಗೆ ಸೊಂಟನೋವು, ಕಣ್ಣೆಳೆಯುವ ನಿದ್ದೆ. ಆದರೂ ಸುಮ್ಮನಿರಲಾಗಲಿಲ್ಲ. ಜೋಳದ ಮುದ್ದೆ ತಿರುವುವುದನ್ನು ಬಿಟ್ಟು ಕೂತಳು.

“ಮೆರಿ, ಚೆನ್ನಾಗಿ ಮೆರಿ... ಯಾವ ನಕ್ಷೆಯ ಅಂಕಿ ಅಂತ ಆ ಡಬ್ಬಿಗೆ ಹೇಳಿದ್ದೀಯೇನೇ? ಇಲ್ವಾ? ಹಾಗಾದ್ರೆ ಕೇಳು. ನಂಗೂ ಹೇಳಿ ಹೇಳಿ ಸಾಕಾಗಿದೆ.

“ವುಕೋತ ಅಂತಿದ್ದ, ಇದೇ ದಳದೋನು. ಅವನ ತಮ್ಮ ಮಿಯಾತ್ ಕುರಿ ಅರಸ್ಕೊಂಡು ಹೋಗಿ, ಮಂಜಲ್ಲಿ ಬಿದ್ದು ಕಾಲು ಮುರ್ಕೊಂಡ. ಕೈಲಿ ಸೈನ್ಯದೋರ ಹಳೇ ನಕ್ಷೆ, ಒಂದು ರೇಡಿಯೋ. ಅಕ್ಷಾಂಶ, ರೇಖಾಂಶ ಎಲ್ಲಾ ಸರಿಯಾಗೇ ಓದಿ ಹೇಳ್ದ, ಪಾಪ. ವುಕೋತ ಅದನ್ನ ಯಂತ್ರಕ್ಕೆ ಒತ್ತಿ, ಏದುಸಿರು ಬಿಡ್ತಾ ಓಡಿದ. ಯಂತ್ರ ‘ಇದೇ ಜಾಗ’ ಅಂತು. ಅಲ್ಲೇನಿತ್ತು? ಬರೀ ಕಲ್ಲು! ‘ಎಲ್ಲಿದ್ದೀಯೋ? ನೀನು ಹೇಳಿದ ಕಡೆನೇ ನಿಂತಿದ್ದೀನಿ!’ ಅಂತ ಇವನು. ‘ನಾನೂ ಅಲ್ಲೇ ಇದ್ದೀನಣ್ಣ... ಚಳಿ ತಡೆಯಕ್ಕಾಗ್ತಿಲ್ಲ’ ಅಂತ ಅವನು.

“ಏನಾಗಿತ್ತು ಗೊತ್ತಾ? ಭೂಮಿ ಹೇಗೆ ಉರುಟಾಗಿದೆ ಅಂತ ಹಳೇ ನಕ್ಷೆಯೋರು ಒಂದು ಲೆಕ್ಕ ಹಿಡಿದಿದ್ರು, ಯಂತ್ರದೋರು ಇನ್ನೊಂದು. ಅಂಕಿ ಅದೇ, ಜಾಗ ಬೇರೆ. ಕೂಗಳತೆ ದೂರ ಅಷ್ಟೇ... ಆದ್ರೆ ನಡುವೆ ಬೆಟ್ಟದ ಏಣು, ಕೂಗು ದಾಟಲ್ಲ. ವುಕೋತ ಇಲ್ಲಿಗೆ ಬಂದು, ಕಾಗದದ ನಕ್ಷೆ ಬಿಡಿಸಿ ಆ ಅಂಕಿ ಮೇಲೆ ಬೆರಳಿಟ್ಟ ನೋಡು, ಆಗ ತಿಳೀತು ಅವನಿಗೆ, ತಮ್ಮ ಏಣಿನ ಆಚೆಗಿದ್ದಾನೆ ಅಂತ. ಏಣಿನ ಆಚೆಗೆ ಓಡೋ ಹೊತ್ತಿಗೆ ತಮ್ಮ ಸೆಟೆದುಹೋಗಿದ್ದ. ರೇಡಿಯೋನ ಕಿವಿಗೇ ಒತ್ಕೊಂಡಿದ್ದ.

“ಮಣ್ಣು ಮಾಡಿದ್ವಿ. ಅಲ್ಲಿಗೆ ಮುಗೀತಾ? ಮತ್ತೆ ಮಂಜು ಬಿದ್ದಾಗ ರೇಡಿಯೋದಲ್ಲಿ ಅದೇ ದನಿ, ಅದೇ ಅಂಕಿ. ವುಕೋತ ತಡೀತಾನಾ? ಈ ಸಲ ಸರಿಯಾದ ಜಾಗಕ್ಕೇ ಹೋದ. ‘ಬಂದೆ ಕಣೋ!’ ಅಂದ. ಆಗ ಆ ದನಿ ಏನಂದಿರಬೇಕು? ‘ಆವತ್ತು ನೀನು ನಿಂತಿದ್ದ ಕಡೆಗೆ ನಾನೇ ಬಂದೆ ಅಣ್ಣ... ನೀನೆಲ್ಲಿ?’ ಇವನು ಏಣು ಹತ್ತಿಳಿದು ಆ ಕಡೆ ಓಡಿದ. ಅಷ್ಟರಲ್ಲಿ ಅದು ಈ ಕಡೆ. ಪ್ರತಿ ಮಂಜಿಗೂ ಇದೇ ಪಾಡು. ಒಂದ್ಸಲ ತಮ್ಮನ್ನ ತಬ್ಕೊಂಡು ‘ತಪ್ಪಾಯ್ತು’ ಅಂದ್ಬಿಟ್ರೆ ಸಾಕಿತ್ತು ಅವನಿಗೆ. ಹೋದ ಚಳಿಗಾಲ ಆ ಏಣಿನ ಮೇಲೇ ಕಾಲು ಜಾರಿ ಅವನೂ ಹೋದ.”

“ಸದ್ಯ, ಹಾಗಾದ್ರೂ ಇಬ್ಬರೂ ಸೇರಿದ್ರಲ್ಲ ಅಜ್ಜಿ” ಎಂದಳು ಯೆಲಿತ್ಸಾ ಮೆಲ್ಲಗೆ.

“ಎಲ್ಲಿ ಸೇರಿದ್ರೇ! ಈಗ ಎರಡು ದನಿ ಬರುತ್ತೆ. ಇವನು ‘ಬಂದೆ, ಎಲ್ಲಿದ್ದೀಯೋ’ ಅಂತಾನೆ. ಅವನು ‘ನಾನೂ ಬಂದೆ, ನೀನೆಲ್ಲಣ್ಣ’ ಅಂತಾನೆ...”

ಅಜ್ಜಿ ಆಕಳಿಸಿ, ಸೊಂಟ ಹಿಡಿದುಕೊಂಡು ಎದ್ದಳು.

“ಯಾರಾದ್ರೂ ಒಬ್ರು ನಿಂತಲ್ಲೇ ನಿಂತ್ಕೊಳ್ರೋ ಅಂತ ಇವತ್ತು ಮಧ್ಯಾಹ್ನವೂ ರೇಡಿಯೋದಲ್ಲಿ ಕೂಗಿ ಹೇಳ್ದೆ. ಎಲ್ಲಿ ಕೇಳ್ತಾರೆ?”