ಬಾನೆಟ್ ಮುಚ್ಚಿದ ಫೋಟೊ

ಕ್ಷೌರದಂಗಡಿಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಪಿಕಪ್ ಡ್ರೈವರು, ಅವನ ಗೆಳೆಯ ಟೈಲರು ಮೊಬೈಲಿನಲ್ಲಿ ಫೋಟೊ ನೋಡುತ್ತಿದ್ದರು.

“ನಿನ್ನ ಷಡ್ಡಕ ಕಾರಿನ ಡ್ರ್ಯಾಗ್ ರೇಸ್ ಗೆದ್ದನಲ್ಲೋ!” ಅಂದ ಟೈಲರು.

“ಗೆದ್ದಿದ್ದು ನನ್ನ ಹಳೇ ಪಿಕಪ್ಪಿನ ಇಂಜಿನ್ನು. ಅದನ್ನೇ ಅವನ ಸ್ಪೋರ್ಟ್ಸ್ ಕಾರಿಗೆ ಕೂರಿಸಿದ್ದಾನೆ.”

“ಗುಜರಿ ಅಂತ ನೀನೇ ತಾನೆ ಕೊಟ್ಟಿದ್ದು?”

“ಹನ್ನೆರಡು ವರ್ಷ ಸಾಕಿದ್ದೆ ಕಣೋ. ಈಗ ನೋಡು, ಇಂಜಿನ್ನು ಕಾಣದ ಹಾಗೆ ಬಾನೆಟ್ ಮುಚ್ಚಿ ಅದರ ಮೇಲೆ ಕೂತು ಹೆಂಗೆ ಹಲ್ಲು ಕಿರೀತಾನೆ!”

“ಹೊಟ್ಟೆ ಉರಿ ನಿಂಗೆ.”

“ಉರೀದೇ ತಣ್ಣಗಿರುತ್ತಾ?”

ಅಷ್ಟರಲ್ಲಿ ಷಡ್ಡಕನದೇ ಫೋನು. ಮಧ್ಯಾಹ್ನ ಇನ್ನೊಂದು ರೇಸಂತೆ, ಇಂಜಿನ್ನು ಸ್ಟಾರ್ಟೇ ಆಗುತ್ತಿಲ್ಲವಂತೆ.

“ಯಾರೂ ಮುಟ್ಟಬೇಡಿ, ನಾನೇ ಬರ್ತೀನಿ. ಆದ್ರೆ ಈ ಸಲ ಫೋಟೊದಲ್ಲಿ ಬಾನೆಟ್ ತೆಗೆದಿರಬೇಕು!”

ಕುರ್ಚಿ ಖಾಲಿಯಾಗಿ ಡ್ರೈವರನ ಸರದಿ ಬಂದಿತ್ತು. ಟೈಲರನನ್ನು ಎಳೆದುಕೊಂಡು ಹೊರಟೇಬಿಟ್ಟ.